ಕೈ ಯಾರದ್ದು, ಹೆಸರು ಯಾರದ್ದು?

ಪ್ರಶ್ನೆ: ನಾನು ಶನಿವಾರಸಂತೆ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಈ ವರ್ಷ ನಮ್ಮ ನಾಲ್ವರು ಮಕ್ಕಳನ್ನು ಮಡಿಕೇರಿಯ ಒಂದು ರೋಬೋ ಸ್ಪರ್ಧೆಗೆ ಕರೆದುಕೊಂಡು ಹೋಗಿದ್ದೆ. ಕಪ್ಪು ಗೆರೆ ಹಿಡಿದು ಓಡುವ ಲೈನ್ ಫಾಲೋವರ್. ಆರ್ಡುಯಿನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಎರಡು ಮೋಟಾರ್, ಎರಡು ಐಆರ್ (ಇನ್‌ಫ್ರಾರೆಡ್) ಸೆನ್ಸರ್ ಹಾಕಿ ಮಕ್ಕಳೇ ಮಾಡಿದ್ದು. ಶಾಲೆಯಲ್ಲಿ ಚೆನ್ನಾಗಿ ಓಡುತ್ತಿತ್ತು. ಅಲ್ಲಿ ಕಿಟಕಿ ಬಿಸಿಲು ಬಿದ್ದ ತಿರುವಿನಲ್ಲಿ ಎರಡು ಸಲವೂ ಗೆರೆ ಬಿಟ್ಟು ಹೋಯಿತು. ಗೆದ್ದ ತಂಡದ ಹತ್ತಿರ ದುಬಾರಿ ಕಿಟ್ ಇತ್ತು. ಅವರ ಕೋಚ್ ಎರಡು ಸುತ್ತಿನ ನಡುವೆ ಲ್ಯಾಪ್‌ಟಾಪ್ ತೆಗೆದು ತಾವೇ ಕೋಡ್ ಬದಲಾಯಿಸಿದರು. ಮಕ್ಕಳು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ನಮಗೆ ಮೂರನೇ ಬಹುಮಾನ ಬಂತು. ಆದರೆ ವೇದಿಕೆಗೆ ಕರೆದಿದ್ದು ಟೀಮ್ ಲೀಡರ್ ಹುಡುಗನನ್ನು ಮಾತ್ರ. ಕೋಡ್ ಬರೆದವಳು ಒಂಬತ್ತನೇ ಕ್ಲಾಸಿನ ಹುಡುಗಿ, ಅವಳ ಹೆಸರು ಸರ್ಟಿಫಿಕೇಟಿನಲ್ಲೇ ಇಲ್ಲ. ‘ಮುಂದಿನ ವರ್ಷ ನಾನು ಬರಲ್ಲ ಮಿಸ್’ ಅಂತಿದ್ದಾಳೆ. ದೂರು ಕೊಡಬೇಕಾ? ಮಕ್ಕಳನ್ನು ಇನ್ನು ಕಳಿಸಬೇಕಾ, ಬೇಡವಾ?

ಉತ್ತರ: ಕಳಿಸಿ ಮೇಡಂ. ದೂರನ್ನೂ ಕೊಡಿ. ಆದರೆ ಯಾವುದಕ್ಕೆ ದೂರು, ಯಾವುದಕ್ಕೆ ಬೇಡ ಅಂತ ಮೊದಲು ಬಿಡಿಸಿಕೊಳ್ಳೋಣ. ಬಿಸಿಲು, ಕಿಟ್, ಕೋಚ್, ಸರ್ಟಿಫಿಕೇಟ್ ನಾಲ್ಕನ್ನೂ ಒಂದೇ ಪತ್ರದಲ್ಲಿ ಬರೆದರೆ ಓದುವವರು ಬಿಸಿಲಿನ ಸಾಲು ನೋಡಿ ನಕ್ಕು, ಉಳಿದದ್ದನ್ನೂ ಅದರ ಜೊತೆ ಮಡಚಿಡುತ್ತಾರೆ.

ಬಿಸಿಲನ್ನು ಅನ್ಯಾಯದ ಲೆಕ್ಕದಿಂದ ತೆಗೆದುಬಿಡಿ. ನಿಮ್ಮ ಮಕ್ಕಳು ಹಾಕಿದ್ದು ನೀಲಿ ಬಣ್ಣದ ಚಿಕ್ಕ ತಿರುಪು ಇರುವ ಐಆರ್ ಮಾಡ್ಯೂಲ್ ಇರಬೇಕು. ಶಾಲೆಗಳಲ್ಲಿ ನಾನು ನೋಡುವುದು ಹೆಚ್ಚಾಗಿ ಅದನ್ನೇ. ಅದರಲ್ಲಿ ಒಂದು ಎಲ್‌ಇಡಿ ನಮ್ಮ ಕಣ್ಣಿಗೆ ಕಾಣದ ಬೆಳಕನ್ನು ನೆಲಕ್ಕೆ ಬಿಡುತ್ತದೆ. ಬಿಳಿ ನೆಲ ಅದನ್ನು ವಾಪಸ್ ಕಳಿಸುತ್ತದೆ, ಕಪ್ಪು ಗೆರೆ ನುಂಗಿಕೊಳ್ಳುತ್ತದೆ. ವಾಪಸ್ ಬಂದ ಬೆಳಕು ತಿರುಪಿನಲ್ಲಿ ಇಟ್ಟ ಮಟ್ಟಕ್ಕಿಂತ ಜಾಸ್ತಿಯೋ ಕಡಿಮೆಯೋ ಅಂತ ಎಲ್‌ಎಂ393 ಅನ್ನುವ ಚಿಪ್ ನೋಡುತ್ತದೆ. ಹೌದು ಅಥವಾ ಇಲ್ಲ, ಎರಡೇ ಉತ್ತರ. ಬಿಸಿಲಿನಲ್ಲೂ ಇದೇ ಕಾಣದ ಬೆಳಕು ಧಾರಾಳವಾಗಿರುತ್ತದೆ. ಕಿಟಕಿ ಬಿಸಿಲು ಬಿದ್ದ ಕಡೆ ಕಪ್ಪು ಗೆರೆಯ ಮೇಲಿದ್ದರೂ ಸೆನ್ಸರಿಗೆ ಸಾಕಷ್ಟು ಬೆಳಕು ಸಿಗುತ್ತದೆ. ಗಾಡಿ ಅದನ್ನು ಬಿಳಿ ಅಂದುಕೊಂಡು ನೇರ ಹೋಗುತ್ತದೆ. ಬೆಳಗ್ಗೆ ಎಂಟಕ್ಕೆ ಮಂಜು, ಹನ್ನೊಂದಕ್ಕೆ ಚುರುಕು ಬಿಸಿಲು ಇರುವ ಮಡಿಕೇರಿಯಲ್ಲಿ ಬೆಳಗ್ಗೆ ತಿರುಗಿಸಿಟ್ಟ ತಿರುಪು ಮಧ್ಯಾಹ್ನಕ್ಕೆ ಕೆಲಸಕ್ಕೆ ಬರುವುದಿಲ್ಲ.

ಇದಕ್ಕೆ ದುಬಾರಿ ಕಿಟ್ ಬೇಕಿಲ್ಲ. ಅನಲಾಗ್ ಔಟ್‌ಪುಟ್ ಇರುವ, ಅಂದರೆ ಹೌದು-ಇಲ್ಲ ಬದಲು ಬೆಳಕು ಎಷ್ಟಿದೆ ಅಂತ ಹೇಳುವ ಸೆನ್ಸರ್ ತಗೊಳ್ಳಿ. ಆರ್ಡುಯಿನೋ ಅದನ್ನು 0ಯಿಂದ 1023ರವರೆಗಿನ ಒಂದು ಅಂಕಿಯಾಗಿ ಓದುತ್ತದೆ. ಗಾಡಿಯನ್ನು ಗೆರೆ ಮೇಲೆ ಇಟ್ಟ ತಕ್ಷಣ ಐದು ಸೆಕೆಂಡು ಎಡಕ್ಕೂ ಬಲಕ್ಕೂ ತೂಗಾಡುವ ಹಾಗೆ ಕೋಡ್ ಬರೆಯಿರಿ. ಆ ಹೊತ್ತಿನಲ್ಲಿ ಕಂಡ ಅತಿ ದೊಡ್ಡ ಅಂಕಿ, ಅತಿ ಚಿಕ್ಕ ಅಂಕಿ ಎರಡನ್ನೂ ನೆನಪಿಟ್ಟುಕೊಂಡು ಮಧ್ಯದ ಅಂಕಿಯನ್ನು ಗಡಿ ಅಂತ ಇಟ್ಟುಕೊಳ್ಳಲಿ. ಸೆನ್ಸರ್ ಸುತ್ತ ಕಪ್ಪು ಚಾರ್ಟ್ ಪೇಪರಿನ ಒಂದು ಲಂಗ ಕಟ್ಟಿ, ನೆಲಕ್ಕೆ ತಾಗದ ಹಾಗೆ. ಪಕ್ಕದಿಂದ ಬರುವ ಬಿಸಿಲು ಅಲ್ಲೇ ನಿಲ್ಲುತ್ತದೆ.

ಆದರೆ ಬಿಸಿಲಿನ ಹಿಂದೆ ಒಂದು ಸಣ್ಣ ಅನ್ಯಾಯ ಇದೆ. ಅದನ್ನು ನೀವು ಬರೆದಿಲ್ಲ, ಯಾರೂ ಬರೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಸ್ಪರ್ಧೆ ಅಂದರೆ ಮಡಿಕೇರಿ, ಬೆಳಗ್ಗೆ ಒಂಬತ್ತಕ್ಕೆ ರಿಜಿಸ್ಟ್ರೇಷನ್. ಪ್ರಾಕ್ಟೀಸಿಗೆ ಟ್ರ್ಯಾಕ್ ಮೊದಲು ಬಂದವರಿಗೆ ಮೊದಲು. ಊರಲ್ಲೇ ಇರುವ ಶಾಲೆಯವರು ಎಂಟೂವರೆಗೆ ಬಂದು ನಾಲ್ಕು ಸಲ ಓಡಿಸಿ ಆಗಿರುತ್ತದೆ. ಶನಿವಾರಸಂತೆಯಿಂದಲೋ ಕುಟ್ಟದಿಂದಲೋ ಮೊದಲ ಬಸ್ಸಿಗೆ ಹತ್ತಿದ ಮಕ್ಕಳು ಮಳೆಯಲ್ಲಿ ನೆಂದು, ವಾಂತಿ ಮಾಡಿಕೊಂಡು, ಒಂಬತ್ತೂಕಾಲಿಗೆ ಒಳಗೆ ಬರುವಾಗ ‘ಪ್ರಾಕ್ಟೀಸ್ ಟೈಮ್ ಮುಗೀತು’ ಅಂತಾರೆ. ಎಲ್ಲ ತಂಡಕ್ಕೂ ಹತ್ತು ಹತ್ತು ನಿಮಿಷ, ಚೀಟಿ ಎತ್ತಿ ಸರದಿ, ದೂರದವರಿಗೆ ಕೊನೆಯ ಸರದಿ ಅಂತ ಮಾಡಿದರೆ ಸಂಘಟಕರಿಗೆ ಒಂದು ರೂಪಾಯಿ ಖರ್ಚಿಲ್ಲ. ನಿಮ್ಮ ಪತ್ರದಲ್ಲಿ ಇದನ್ನು ಬರೆಯಿರಿ.

ಇನ್ನು ಕಿಟ್. ಸಿಟ್ಟು ಬರುವುದು ಸಹಜ, ಆದರೆ ದುಬಾರಿ ಕಿಟ್ ತರುವುದು ಮೋಸ ಅಲ್ಲ. ನಿಯಮದಲ್ಲಿ ಬೇಡ ಅಂತ ಇರದಿದ್ದರೆ ಅವರು ತಂದಿದ್ದು ಸರಿ. ಕಿಟ್ ಇಲ್ಲದವರು ಕಳೆದುಕೊಳ್ಳುವುದು ಸಮಯವನ್ನು. ಕ್ಲಿಕ್ ಅಂತ ಕೂರುವ ವೈರ್ ಇರುವ ಮಕ್ಕಳು ಹತ್ತು ಗಂಟೆ ಸಿಕ್ಕರೆ ಎಂಟು ಗಂಟೆ ಕೋಡ್ ಮೇಲೆ ಕೂರುತ್ತಾರೆ. ನಮ್ಮ ಮಕ್ಕಳು ಎಂಟು ಗಂಟೆ ಜಂಪರ್ ವೈರ್ ಯಾವುದು ಸಡಿಲ ಅಂತ ಹುಡುಕುತ್ತಾರೆ. ಅದರ ಮಧ್ಯೆ ಕರೆಂಟ್ ಹೋಗುತ್ತದೆ, ಜುಲೈ ತಿಂಗಳಾದರೆ ಮೂರು ದಿನ ಬರುವುದೂ ಇಲ್ಲ. ಒಂದೇ ಟ್ರ್ಯಾಕಿನಲ್ಲಿ ಇವರಿಬ್ಬರನ್ನೂ ಗಡಿಯಾರ ಹಿಡಿದು ಅಳೆದರೆ ಏನನ್ನು ಅಳೆದ ಹಾಗಾಯಿತು?

ದೊಡ್ಡ ಸ್ಪರ್ಧೆಗಳು ಇದಕ್ಕೆ ಬೇರೆ ಬೇರೆ ದಾರಿ ಹುಡುಕಿವೆ. ಫಸ್ಟ್ ಲೆಗೋ ಲೀಗ್ ಅನ್ನುವ ಅಂತರರಾಷ್ಟ್ರೀಯ ರೋಬೋ ಸ್ಪರ್ಧೆಯ ದೊಡ್ಡ ಮಕ್ಕಳ ವಿಭಾಗದಲ್ಲಿ ರೋಬೋ ಓಟಕ್ಕೆ ಸಿಗುವುದು ಒಟ್ಟು ತೂಕದ ಕಾಲು ಭಾಗ. ಉಳಿದದ್ದು ರೋಬೋ ವಿನ್ಯಾಸವನ್ನು ಮಕ್ಕಳು ವಿವರಿಸುವುದಕ್ಕೆ, ಅವರು ಮಾಡಿದ ಪ್ರಾಜೆಕ್ಟಿಗೆ, ತಂಡವಾಗಿ ಹೇಗೆ ನಡೆದುಕೊಂಡರು ಅನ್ನುವುದಕ್ಕೆ. ಅಂದರೆ ಓಟದಲ್ಲಿ ಫಸ್ಟ್ ಬಂದ ತಂಡಕ್ಕೇ ದೊಡ್ಡ ಪ್ರಶಸ್ತಿ ಹೋಗಬೇಕು ಅಂತಿಲ್ಲ. 2004ರಲ್ಲಿ ಸಿಂಗಪುರದಲ್ಲಿ ಶುರುವಾದ ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ನವರದ್ದು ಇನ್ನೊಂದು ಉಪಾಯ. ಸ್ಪರ್ಧೆಯ ದಿನ ಬೆಳಗ್ಗೆ ಒಂದು ಹೊಸ ನಿಯಮ ಹೇಳುತ್ತಾರೆ. ಮನೆಯಲ್ಲಿ ಯಾರೋ ಬರೆದುಕೊಟ್ಟ ಕೋಡ್ ಮಾತ್ರ ನಂಬಿ ಬಂದವರು ಅಲ್ಲಿ ಕಣ್ಣು ಕಣ್ಣು ಬಿಡುತ್ತಾರೆ. ನನಗೆ ಈ ಉಪಾಯ ತುಂಬಾ ಇಷ್ಟ. ಜಿಲ್ಲಾ ಮಟ್ಟದಲ್ಲೂ ಸುಲಭವಾಗಿ ಮಾಡಬಹುದು: ‘ಇವತ್ತು ಗಾಡಿ ಕೊನೆಯಲ್ಲಿ ಮೂರು ಸೆಕೆಂಡು ನಿಂತು ಹಿಂದೆ ಬರಬೇಕು’ ಅಂದರೆ ಸಾಕು.

ಈಗ ಕೋಚ್ ವಿಷಯಕ್ಕೆ ಬರುತ್ತೇನೆ. ಇದು ನಿಜವಾದ ಫೌಲ್.

ನಮ್ಮ ಕೊಡಗಿನವರಿಗೆ ಇದನ್ನು ಹಾಕಿಯಲ್ಲಿ ಹೇಳಿದರೆ ಬೇಗ ಅರ್ಥ ಆಗುತ್ತದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕೌಟುಂಬಿಕ ಹಾಕಿ ಶುರು ಮಾಡಿದಾಗ ಬಂದಿದ್ದು 60 ಕುಟುಂಬದ ತಂಡಗಳು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಹಾಕಿಗೆ 360 ತಂಡ. ಅಲ್ಲಿ ತಾತ, ಮೊಮ್ಮಗ ಒಂದೇ ತಂಡದಲ್ಲಿ ಆಡುತ್ತಾರೆ. ಹೆಂಗಸರೂ ಗಂಡಸರ ಜೊತೆ ಇಳಿಯುತ್ತಾರೆ. ವಯಸ್ಸಿನ ಕಟ್ಟುಪಾಡಿಲ್ಲ. ಆದರೂ ಪಟ್ಟಿಯಲ್ಲಿ ಹೆಸರಿಲ್ಲದ ಒಬ್ಬ ದೊಡ್ಡಪ್ಪ ಗ್ಯಾಲರಿಯಿಂದ ಇಳಿದು ಬಂದು, ಒಂದು ಪೆನಾಲ್ಟಿ ಕಾರ್ನರ್ ಹೊಡೆದು, ಮತ್ತೆ ಹೋಗಿ ಕೂತರೆ ಸುಮ್ನಿರುತ್ತೇವಾ? ಎಷ್ಟು ಚೆನ್ನಾಗಿ ಹೊಡೆದ ಅನ್ನುವುದು ಅಲ್ಲಿ ಪ್ರಶ್ನೆಯೇ ಅಲ್ಲ. ಆಡಿದ ಕೈಗೆ ಪಟ್ಟಿಯಲ್ಲಿ ಹೆಸರಿರಬೇಕು, ಅಷ್ಟೇ. ಮಡಿಕೇರಿಯಲ್ಲಿ ಆಗಿದ್ದೂ ಇದೇ. ಅಲ್ಲಿ ಕೆಲಸ ಮಾಡಿದ ಕೈಗೆ ಪಟ್ಟಿಯಲ್ಲಿ ಹೆಸರಿಲ್ಲ. ನಿಮ್ಮ ಹುಡುಗಿಯದ್ದೂ ಅದೇ ಕಥೆಯ ಇನ್ನೊಂದು ಮಗ್ಗುಲು ಅಲ್ವಾ? ಅದಕ್ಕೇ ನನಗೆ ಇವೆರಡೂ ಒಂದೇ ದೂರು ಅನ್ನಿಸುತ್ತದೆ.

ಆದರೆ ದೊಡ್ಡವರು ಕೈ ಹಾಕಿದ್ದೆಲ್ಲ ತಪ್ಪು ಅಂತ ಪತ್ರದಲ್ಲಿ ಬರೆಯಬೇಡಿ. ಅಮೆರಿಕದಲ್ಲಿ ಡೀನ್ ಕೇಮನ್ ಅನ್ನುವ ಸಂಶೋಧಕ 1989ರಲ್ಲಿ ಕಟ್ಟಿದ ಫಸ್ಟ್ ಸಂಸ್ಥೆಯ ಹೈಸ್ಕೂಲ್ ಸ್ಪರ್ಧೆ 1992ರಲ್ಲಿ ಶುರುವಾಯಿತು. ಅದರಲ್ಲಿ ಎಂಜಿನಿಯರುಗಳು ಮಕ್ಕಳ ಜೊತೆಗೇ ನಿಂತು ದೊಡ್ಡ ರೋಬೋ ಕಟ್ಟುವುದಕ್ಕೆ ಅವಕಾಶ ಇದೆ. ಬಲ್ಲವರ ಪಕ್ಕದಲ್ಲಿ ಕೆಲಸ ಮಾಡಿ ಕಲಿಯಲಿ ಅನ್ನುವುದೇ ಅದರ ಉದ್ದೇಶ. ಅಲ್ಲಿಯೂ ‘ಇದು ಮಕ್ಕಳ ರೋಬೋನಾ, ಮೆಂಟರ್‌ಗಳ ರೋಬೋನಾ’ ಅನ್ನುವ ಜಗಳ ಮುಗಿದಿಲ್ಲ, ಅದು ಬೇರೆ ಮಾತು. ಇತ್ತ ರೋಬೋಟ್ ಒಲಿಂಪಿಯಾಡ್‌ನಲ್ಲಿ ಸ್ಪರ್ಧೆ ನಡೆಯುವಾಗ ಮಕ್ಕಳು ಕೆಲಸ ಮಾಡುವ ಜಾಗಕ್ಕೆ ಕೋಚ್‌ಗೆ ಪ್ರವೇಶ ಇಲ್ಲ. ಕಟ್ಟುವುದು, ಕೋಡ್ ಬರೆಯುವುದು ಮಕ್ಕಳೇ ಮಾಡಬೇಕು. ಎರಡೂ ಕಡೆ ನಿಯಮ ಮೊದಲೇ ಬರೆದಿದೆ. ನೀವು ಹೋದ ಕಡೆ ಬರೆದಿರಲಿಲ್ಲ ಅಂತ ನನ್ನ ಊಹೆ. ಹಾಗಾಗಿ ಗೆದ್ದ ಮಕ್ಕಳ ಮೇಲೆ ಬೆರಳು ತೋರಿಸಬೇಡಿ. ಅವರಿಗೂ ನಷ್ಟವೇ ಆಗಿದೆ. ಲ್ಯಾಪ್‌ಟಾಪ್ ಪಕ್ಕ ಕೈಕಟ್ಟಿ ನಿಂತಿದ್ದರು ಅಂತ ನೀವೇ ಬರೆದಿದ್ದೀರಿ.

ಇಲ್ಲಿ ನನ್ನದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಸುಮಾರು ವರ್ಷದ ಹಿಂದೆ ಒಂದು ಶಾಲಾ ಸ್ಪರ್ಧೆಗೆ ಜಡ್ಜ್ ಆಗಿ ಹೋಗಿದ್ದೆ. ಒಂದು ಗಾಡಿ ನೋಡಿ ಮನಸೋತೆ. ವೈರ್‌ಗಳನ್ನೆಲ್ಲ ಒಂದೇ ಅಳತೆಗೆ ಕತ್ತರಿಸಿ ಟೈ ಹಾಕಿ ಕಟ್ಟಿದ್ದರು. ಬೆಸುಗೆ ಮುತ್ತು ಪೋಣಿಸಿದ ಹಾಗಿತ್ತು. ಫಸ್ಟ್ ಪ್ರೈಜ್ ಬರೆದುಕೊಟ್ಟೆ. ಊಟದ ಹೊತ್ತಿಗೆ ಜಗಲಿಯಲ್ಲಿ ಆ ಹುಡುಗ ತನ್ನ ಮಾವನನ್ನು ಕೇಳುತ್ತಿದ್ದ: ‘ಮಾವ, ಇದರ ಸ್ವಿಚ್ ಎಲ್ಲಿದೆ? ಅಜ್ಜಿಗೆ ತೋರಿಸ್ಬೇಕು.’ ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅವತ್ತಿನಿಂದ ಅಂದ ನೋಡಿ ಅಂಕ ಕೊಡುವುದು ಬಿಟ್ಟಿದ್ದೇನೆ.

ಈಗ ಕೇಳುವುದು ಇಷ್ಟೇ: ಯಾವುದು ಕೆಟ್ಟು ಹೋಗಿತ್ತು, ಹೇಗೆ ಸರಿ ಮಾಡಿದೆ? ಕೈಯಾರೆ ಮಾಡಿದ ಮಗುವಿಗೆ ಇದು ಕಷ್ಟದ ಪ್ರಶ್ನೆ ಅಲ್ಲ, ನಿಲ್ಲಿಸುವುದೇ ಕಷ್ಟ. ಒಮ್ಮೆ ಒಬ್ಬ ಹುಡುಗ ಹೇಳಿದ, ‘ಸರ್, ಬ್ಯಾಟರಿ ಫುಲ್ ಚಾರ್ಜ್ ಇದ್ರೆ ಇದು ತಿರುವಲ್ಲಿ ಬೀಳ್ತದೆ. ಅರ್ಧ ಗಂಟೆ ಓಡ್ಸಿ ಸ್ವಲ್ಪ ಸುಸ್ತು ಮಾಡಿ ತಂದಿದ್ದೀನಿ.’ ಎಷ್ಟು ಸರಿಯಾದ ಮಾತು ನೋಡಿ. ಎರಡು ಲಿಥಿಯಂ ಸೆಲ್ ಸೇರಿಸಿದರೆ ಪೂರ್ತಿ ತುಂಬಿದಾಗ 8.4 ವೋಲ್ಟ್, ಓಡುತ್ತಾ ಹೋದಂತೆ ಏಳಕ್ಕೆ ಇಳಿಯುತ್ತದೆ. ಕೋಡಿನಲ್ಲಿ ವೇಗದ ಅಂಕಿ ಅದೇ ಇದ್ದರೂ ಮೋಟಾರ್ ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ತಿರುಗುತ್ತದೆ. ಆ ಹುಡುಗನಿಗೆ ವೋಲ್ಟಿನ ಲೆಕ್ಕ ಗೊತ್ತಿರಲಿಲ್ಲ, ಆದರೆ ಸಂಗತಿ ಗೊತ್ತಿತ್ತು. ಅವನ ಗಾಡಿ ನಾಲ್ಕನೆಯದಾಗಿ ಬಂತು. ನನ್ನ ಅಂಕ ಅವನಿಗೇ ಜಾಸ್ತಿ ಹೋಯಿತು.

ಮಕ್ಕಳನ್ನು ಕೇಳಿ ಅಂಕ ಕೊಡುವುದರಲ್ಲೂ ಒಂದು ಗುಂಡಿ ಇದೆ. ಜಡ್ಜ್ ಇಂಗ್ಲಿಷಿನಲ್ಲಿ ಕೇಳಿದರೆ ಮುಗಿಯಿತು, ರೋಬೋ ಸ್ಪರ್ಧೆ ಹೋಗಿ ಭಾಷಣ ಸ್ಪರ್ಧೆ ಆಗುತ್ತದೆ. ನಮ್ಮ ಜಿಲ್ಲೆಯ ಒಂದು ಕ್ಲಾಸಿನಲ್ಲಿ ಮನೆಮಾತು ಎಷ್ಟಿರುತ್ತದೆ ಅಂತ ನಿಮಗೆ ಗೊತ್ತು. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಬ್ಯಾರಿ, ಯರವ, ಜೇನುಕುರುಬ. ತೋಟದ ಕೆಲಸಗಾರರ ಲೈನ್‌ಮನೆಯಿಂದ ಬರುವ ಮಗುವಿಗೆ ಕನ್ನಡವೇ ಎರಡನೆಯದೋ ಮೂರನೆಯದೋ ಭಾಷೆ. ಅಂಥ ಮಗು ಜಡ್ಜ್ ಮುಂದೆ ಬಾಯಿ ಬಿಡದೆ ನಿಂತರೆ ಅದಕ್ಕೆ ಗೊತ್ತಿಲ್ಲ ಅಂತ ಅಲ್ಲ. ನಾನು ಆಗ ಸ್ಕ್ರೂಡ್ರೈವರ್ ಕೊಟ್ಟು ‘ತೋರಿಸು’ ಅಂತೀನಿ. ಬಲಗಡೆ ಚಕ್ರ ಹಿಂದಕ್ಕೆ ತಿರುಗಬೇಕು ಅಂದರೆ ಎರಡು ವೈರ್ ಅದಲು ಬದಲು ಮಾಡುವ ಕೈ ನೋಡಿದರೆ ಎಲ್ಲ ಗೊತ್ತಾಗುತ್ತದೆ. ಮಗುವಿಗೆ ಬರುವ ಭಾಷೆಯಲ್ಲಿ ಪ್ರಶ್ನೆ ಕೇಳಬೇಕು, ಮಾಡಿ ತೋರಿಸಿದರೂ ಉತ್ತರ ಅಂತ ಲೆಕ್ಕಕ್ಕೆ ತಗೊಳ್ಳಬೇಕು ಅಂತ ಸಂಘಟಕರಿಗೆ ಬರೆಯಿರಿ.

ಇನ್ನು ನಿಮ್ಮ ಹುಡುಗಿ. ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಮೇಡಂ: ರಿಜಿಸ್ಟ್ರೇಷನ್ ಫಾರಂ ತುಂಬಿದ್ದು ಯಾರು? ‘ಟೀಮ್ ಲೀಡರ್ ಹೆಸರು’ ಅಂತ ಒಂದೇ ಕಾಲಂ ಇದ್ದಿರಬಹುದು. ಅದು ಸಂಘಟಕರ ತಪ್ಪು. ಆ ಕಾಲಮ್ಮಿನಲ್ಲಿ ಹುಡುಗನ ಹೆಸರು ಬರೆದದ್ದು ನಮ್ಮದೇ ಕೈ ಇರಬಹುದು. ಧೈರ್ಯವಾಗಿ ಮಾತಾಡುತ್ತಾನೆ, ಓಡಾಡುತ್ತಾನೆ, ಅವನೇ ಲೀಡರ್ ಆಗಲಿ ಅಂತ ಬರೆದಿರುತ್ತೇವೆ. ನಾನೂ ಬರೆದಿದ್ದೇನೆ. ಆಮೇಲೆ ಮೈಕ್ ಹಿಡಿದವರಿಗೆ ಕಾಣುವುದು ಆ ಒಂದು ಹೆಸರು ಮಾತ್ರ.

ಗೌರವ ಅಂದರೆ ಟ್ರೋಫಿ ಮಾತ್ರ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ. ಫಸ್ಟ್‌ನ ಹೈಸ್ಕೂಲ್ ಸ್ಪರ್ಧೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಅಂತ ಇಟ್ಟಿರುವುದು ಇಂಪ್ಯಾಕ್ಟ್ ಪ್ರಶಸ್ತಿ. ಅದು ಪಂದ್ಯ ಗೆದ್ದ ರೋಬೋಗೆ ಅಲ್ಲ. ತನ್ನ ಸುತ್ತಲಿನ ಜನರಲ್ಲಿ ವಿಜ್ಞಾನದ ಆಸೆ ಹುಟ್ಟಿಸಿದ ತಂಡಕ್ಕೆ. ಆ ಸಂಸ್ಥೆ ಕಟ್ಟುವುದರಲ್ಲಿ ಜೊತೆಗಿದ್ದ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರೊಫೆಸರ್ ವುಡೀ ಫ್ಲವರ್ಸ್, ಜಿದ್ದಿನಿಂದ ಆಡಬೇಕು, ಎದುರಾಳಿಗೆ ಮರ್ಯಾದೆಯನ್ನೂ ಕೊಡಬೇಕು, ಎರಡೂ ಒಟ್ಟಿಗೆ ಆಗುತ್ತದೆ ಅಂತ ಹೇಳುತ್ತಾ ಬಂದರು. ಅಲ್ಲಿ ಎದುರಾಳಿ ತಂಡಕ್ಕೆ ತಮ್ಮ ಬಿಡಿಭಾಗ ಎರವಲು ಕೊಡುವುದು ಮಾಮೂಲು. ನಮ್ಮಲ್ಲಿ ಪಕ್ಕದ ಮೇಜಿನವರಿಗೆ ಒಂದು ಬ್ಯಾಟರಿ ಕೊಟ್ಟರೆ ನಮ್ಮ ಕೋಚೇ ಗದರುತ್ತಾರೆ.

ನೀವು ಮಾಡಬಹುದಾದ್ದು ಇವತ್ತೇ ಶುರುವಾಗಲಿ. ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ದಿನಕ್ಕೆ ಎರಡು ಸಾಲು: ಯಾರು ಏನು ಮಾಡಿದರು, ಏನು ಕೆಟ್ಟಿತು. ಮಾಡಿದವರೇ ಬರೆದು ಸಹಿ ಹಾಕಬೇಕು. ಬೆಸುಗೆ ಹಾಕಿದವನು, ಚಾರ್ಟ್ ಕತ್ತರಿಸಿದವನು, ಬ್ಯಾಟರಿ ಚಾರ್ಜ್ ಮಾಡಿ ತಂದವನು, ಎಲ್ಲರೂ. ದೊಡ್ಡ ಸ್ಪರ್ಧೆಗಳಲ್ಲಿ ಜಡ್ಜ್‌ಗಳು ಕೇಳಿ ನೋಡುವುದು ಇಂಥ ಪುಸ್ತಕವನ್ನೇ. ಕೋಡ್ ಫೈಲಿನ ಮೊದಲ ಸಾಲಿನಲ್ಲಿ ಕಾಮೆಂಟ್ ಹಾಕಿ ಬರೆದವಳ ಹೆಸರು, ತಾರೀಕು ಇರಲಿ. ಪ್ರೋಗ್ರಾಂ ಬರೆಯುವ ಊರಲ್ಲೆಲ್ಲ ಇದು ನಡೆದುಕೊಂಡು ಬಂದ ಪದ್ಧತಿ. ಆ ಸಾಲನ್ನು ಕಂಪ್ಯೂಟರ್ ಓದುವುದಿಲ್ಲ, ಮುಂದೆ ಆ ಫೈಲ್ ತೆರೆಯುವ ಮನುಷ್ಯರಷ್ಟೇ ಓದುತ್ತಾರೆ.

ಸಂಘಟಕರಿಗೆ ಪತ್ರ ಬರೆಯುವಾಗ ಫಲಿತಾಂಶ ಬದಲಾಯಿಸಿ ಅಂತ ಕೇಳಬೇಡಿ. ಬರೆದ ನಿಯಮ ಇಲ್ಲದ ಕಡೆ ಅದು ಆಗುವ ಕೆಲಸ ಅಲ್ಲ. ನಾಲ್ವರ ಹೆಸರೂ ಇರುವ ಸರ್ಟಿಫಿಕೇಟ್ ಹೊಸದಾಗಿ ಕೊಡಿ ಅಂತ ಕೇಳಿ, ಅದು ಒಂದು ಪ್ರಿಂಟಿನ ಕೆಲಸ, ಕೊಟ್ಟೇ ಕೊಡುತ್ತಾರೆ. ಆಮೇಲೆ ಮುಂದಿನ ವರ್ಷಕ್ಕೆ ಅಂತ ಪ್ರಾಕ್ಟೀಸ್ ಸರದಿ, ಕೋಚ್ ಎಲ್ಲಿ ನಿಲ್ಲಬೇಕು, ಮಕ್ಕಳ ಭಾಷೆಯಲ್ಲಿ ಸಂದರ್ಶನ, ಫಾರಂನಲ್ಲಿ ಎಲ್ಲರ ಹೆಸರು. ಒಂದು ಪುಟ ಮೀರಬಾರದು. ಸಹಿ ನಿಮ್ಮದೊಂದೇ ಬೇಡ, ಬೇರೆ ಎರಡು ಶಾಲೆಯವರದ್ದೂ ಇರಲಿ. ಸಾಧ್ಯವಾದರೆ ಒಂದು ಗೆದ್ದ ಕಡೆಯ ಶಾಲೆ ಆಗಿರಲಿ. ಕೇಳಿದರೆ ಒಪ್ಪುವವರು ಸಿಗುತ್ತಾರೆ.

ಇನ್ನೊಂದು ಅಭ್ಯಾಸ ಮಕ್ಕಳಿಗೆ ಮಾಡಿಸಿ. ದೊಡ್ಡ ಸ್ಪರ್ಧೆಗಳಲ್ಲಿ ಓಟ ಮುಗಿದ ಮೇಲೆ ಅಂಕದ ಹಾಳೆಯನ್ನು ತಂಡಕ್ಕೆ ತೋರಿಸುತ್ತಾರೆ. ಆಕ್ಷೇಪ ಇದ್ದರೆ ಅಲ್ಲೇ, ಆಗಲೇ ಹೇಳಬೇಕು. ಟೀಚರ್ ಅಲ್ಲ, ಮಕ್ಕಳು. ‘ಸರ್, ಗಾಡಿ ಗೆರೆ ದಾಟಿದ್ದು ಒಂದೇ ಸಲ, ಎರಡು ಅಂತ ಬರೆದಿದ್ದೀರಿ’ ಅಂತ ದನಿ ನಡುಗದೆ ಹೇಳುವುದನ್ನು ಶಾಲೆಯಲ್ಲೇ ನಾಟಕ ಆಡಿಸಿ ಕಲಿಸಬಹುದು. ನೀವೇ ಜಡ್ಜ್ ಆಗಿ, ಸ್ವಲ್ಪ ಸಿಡುಕಿನ ಜಡ್ಜ್.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ಮಗುವಿನ ಖಾತೆಗೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ. ಶಾಲೆಯಿಂದ ಆನ್‌ಲೈನ್‌ನಲ್ಲಿ ಐಡಿಯಾ ಕಳಿಸಬೇಕು. ಅವಳ ಹೆಸರಲ್ಲೇ ಕಳಿಸಿ. ನಿಮ್ಮ ಸುತ್ತಮುತ್ತ ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಕೈಯಾರೆ ಮಾಡಿ ಕಲಿಯುವ ಪ್ರಯೋಗಶಾಲೆ) ಇರುವ ಶಾಲೆ ಇದ್ದರೆ ಹೆಡ್‌ಮಾಸ್ಟರ್ ಹತ್ತಿರ ಹೋಗಿ ಮಾತಾಡಿ. ನೀತಿ ಆಯೋಗ ಆ ಲ್ಯಾಬ್‌ಗಳಿಗೆ ತಲಾ 20 ಲಕ್ಷ ರೂಪಾಯಿವರೆಗೆ ಕೊಟ್ಟಿರುವುದು ಒಂದೇ ಶಾಲೆಯ ಬೀರುವಿನಲ್ಲಿ ಬೀಗ ಹಾಕಿಡಲಿಕ್ಕಲ್ಲ. ಅಕ್ಕಪಕ್ಕದ ಮಕ್ಕಳಿಗೂ ಸಿಗಲಿ ಅನ್ನುವುದು ಯೋಜನೆಯ ಆಶಯವೇ. ಶನಿವಾರ ಮಧ್ಯಾಹ್ನ ಎರಡು ಗಂಟೆ ಕೇಳಿ ನೋಡಿ.

ಅವಳಿಗೆ ‘ಬಾ’ ಅಂತ ಒತ್ತಾಯ ಮಾಡಬೇಡಿ. ಸಮಾಧಾನವನ್ನೂ ಹೇಳಬೇಡಿ. ಒಂದು ಕೆಲಸ ಕೊಡಿ. ಅನಲಾಗ್ ಸೆನ್ಸರನ್ನು ಕ್ಲಾಸ್‌ರೂಮಿನ ಕಿಟಕಿ ಪಕ್ಕ ಇಟ್ಟು, ಬೆಳಗ್ಗೆ 8ಕ್ಕೆ ಒಮ್ಮೆ, 11ಕ್ಕೆ ಒಮ್ಮೆ, 2ಕ್ಕೆ ಒಮ್ಮೆ ಬಿಳಿ ಮೇಲೂ ಕಪ್ಪು ಮೇಲೂ ಎಷ್ಟು ಅಂಕಿ ಬರುತ್ತದೆ ಅಂತ ಬರೆದಿಡಲಿ. ಮಳೆ ದಿನ, ಬಿಸಿಲು ದಿನ ಎರಡೂ ಬೇಕು. ಒಂದು ವಾರದ ಹಾಳೆ ಆದ ಮೇಲೆ ನನಗೆ ಕಳಿಸಿ. ಹಾಳೆಯ ಮೇಲೆ ಅವಳ ಹೆಸರಿರಲಿ, ಉತ್ತರವನ್ನು ಅವಳಿಗೇ ಬರೆಯುತ್ತೇನೆ.